ಹಿತ್ತಲಲ್ಲಿ ಬೊರೇಜ್: ಬೀಜ ತಾನೇ ಉದುರಿದರೂ ಕಾಲ ನಾವೇ ನೋಡಬೇಕು

ನೀಲಿ ಹೂ ಬಿಡುವ ಬೊರೇಜ್ ಎಂಬ ಗಿಡ ಒಮ್ಮೆ ನೆಲ ಹಿಡಿಯಿತೆಂದರೆ ಮತ್ತೆ ಬಿತ್ತುವ ಕೆಲಸವೇ ಇಲ್ಲ ಎಂಬ ಮಾತು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಅದರ ತವರಿಗೆ ಸರಿಯಾಗಿಯೇ ಇದೆ. ಅಲ್ಲಿ ಬೇಸಿಗೆ ಒಣಗಾಲ, ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯ ಹೊತ್ತಿಗೆ ಉದುರಿದ ಬೀಜ ಒಣಮಣ್ಣಿನಲ್ಲಿ ಬಿದ್ದಿದ್ದು, ತಂಪಿನ ಮಳೆ ಬಂದಾಗ ಮೊಳೆಯುತ್ತದೆ. ಚಿಕ್ಕಮಗಳೂರಿನ ನಮ್ಮ ಹಿತ್ತಲಲ್ಲಿ ಈ ಕ್ರಮ ತಲೆಕೆಳಗು. ಇಲ್ಲಿ ಗಿಡ ಸೊಂಪಾಗಿ ಬರುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಬೀಜ ಹೆಚ್ಚಾಗಿ ಉದುರುವುದು ಶಿವರಾತ್ರಿಯ ಆಸುಪಾಸಿನಲ್ಲಿ, ಅದರ ಬೆನ್ನಿಗೇ ಕಾಫಿ ಗಿಡದ ಹೂ ಅರಳಿಸುವ ಹೂಮಳೆ, ಅನಂತರ ಮುಂಗಾರು. ಹೂಮಳೆಯ ತೇವಕ್ಕೆ ಮೊಳೆತ ಸಸಿ ಆರಿದ್ರಾ ಮಳೆಯ ಹೊತ್ತಿಗೆ ಬುಡ ಕೊಳೆತು ಮಲಗಿಬಿಡುತ್ತದೆ. ಆದ್ದರಿಂದ ಬೀಜ ಉದುರಲು ಬಿಟ್ಟರೆ ಸಾಲದು. ಉದುರಿದ್ದನ್ನು ಹಸ್ತ ಮಳೆ ಕಳೆಯುವವರೆಗೆ ಏಳದಂತೆ ತಡೆದಿಡಬೇಕು. ಇಲ್ಲಿ ಬೊರೇಜ್ ಬೆಳೆಯುವವರಿಗೆ ನಿಜವಾದ ಕೆಲಸ ಇದೇ.

ಮೊದಲ ಬಿತ್ತನೆಯ ವಿಚಾರದಲ್ಲಿ ಹೇಳುವುದು ಹೆಚ್ಚೇನಿಲ್ಲ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಪಾತಿಯಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಬೀಜ ಊರಿ ಮಣ್ಣು ಮುಚ್ಚಿದರೆ ವಾರ, ಹತ್ತು ದಿನದಲ್ಲಿ ಮೊಳಕೆ ಕಾಣಿಸುತ್ತದೆ. ಬುಟ್ಟಿಯಲ್ಲಿ ಸಸಿ ಮಾಡಿ ಕಿತ್ತು ನೆಡುವ ಗೊಡವೆಗೆ ನಾನು ಹೋಗುವುದಿಲ್ಲ. ಇದು ತಾಯಿಬೇರನ್ನು ನೇರ ಕೆಳಗಿಳಿಸುವ ಗಿಡ, ಮತ್ತು ತಾಯಿಬೇರು ಡೊಂಕಾದ ಸಸಿಯ ಗತಿ ಏನೆಂಬುದನ್ನು ಕಾಫಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರ ಹೆಚ್ಚಾದರೆ ಎಲೆ ದೊಡ್ಡದಾಗಿ, ಒಳಗೆ ಟೊಳ್ಳಾದ ಕಾಂಡ ಗಾಳಿಗೆ ಅಡ್ಡ ಬೀಳುತ್ತದೆ. ಸಿಲ್ವರ್ ಓಕ್ ನೆರಳಿನಲ್ಲಿ ನೆಟ್ಟರೂ ಅದೇ ಪಾಡು.

ಸುಮಾರು ಎಂಟು ವಾರಕ್ಕೆ ಹೂವು ಆರಂಭವಾಗುತ್ತದೆ. ಮೊಗ್ಗು ನಸುಗೆಂಪಾಗಿದ್ದು, ಅರಳಿದ ಮೇಲೆ ಐದು ಎಸಳಿನ ನೀಲಿ ನಕ್ಷತ್ರವಾಗುತ್ತದೆ. ನಡುವೆ ಕಪ್ಪು ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ಚೂಪಾದ ಶಂಕುವಿನಂತೆ ನಿಂತಿರುತ್ತವೆ. ಹೂವು ನೆಲಕ್ಕೆ ಮುಖ ಮಾಡಿ ತೂಗುವುದರಿಂದ ಜೇನು ಕೆಳಗಿನಿಂದ ನೇತುಬಿದ್ದು ಮಕರಂದ ಹೀರಬೇಕಾಗುತ್ತದೆ. ತುಡುವೆ ಜೇನು ಸದ್ದಿಲ್ಲದೆ ಹೀರಿ ಹೋಗುತ್ತದೆ. ನೀಲಿ ಪಟ್ಟೆಯ ಒಂಟಿ ಜೇನು ಮಾತ್ರ ಕೇಸರವನ್ನು ಅಪ್ಪಿ, ಮೈ ನಡುಗಿಸಿ, ಗುಂಯ್ ಎಂದು ಸದ್ದು ಮಾಡುತ್ತ ಪರಾಗವನ್ನು ಉದುರಿಸಿಕೊಳ್ಳುತ್ತದೆ. ಒಮ್ಮೆ ಹೀರಿದ ಹೂವಿನಲ್ಲಿ ಮಕರಂದ ಬೇಗ ತುಂಬಿಕೊಳ್ಳುವುದರಿಂದ ಜೇನು ಮತ್ತೆ ಮತ್ತೆ ಬರುತ್ತದೆ. ಕಾಫಿ ಹೂ ಬಿಡುವುದಕ್ಕೆ ಮುಂಚಿನ ವಾರಗಳಲ್ಲಿ ಇದು ತುಡುವೆಗೆ ಒಳ್ಳೆಯ ಮೇವು. ಟೊಮೆಟೊ ಪಕ್ಕದಲ್ಲಿ ಬೊರೇಜ್ ಇದ್ದರೆ ಹುಳು ಬರುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ, ನಮ್ಮ ಟೊಮೆಟೊದಲ್ಲಿ ಅಂಥ ವ್ಯತ್ಯಾಸವೇನೂ ಕಂಡಿಲ್ಲ. ಆದರೆ ಗಂಡು ಹೂವು, ಹೆಣ್ಣು ಹೂವು ಬೇರೆಯಾಗಿರುವ ಸೌತೆ ಮತ್ತು ಕುಂಬಳಕ್ಕೆ ಜೇನಿನ ಓಡಾಟ ಬೇಕೇ ಬೇಕು. ಆ ಬಳ್ಳಿಗಳ ಹತ್ತಿರ ಒಂದೆರಡು ಗಿಡ ಇಟ್ಟುಕೊಳ್ಳುವುದು ಲಾಭವೇ.

ಇನ್ನು ಬೀಜದ ವಿಷಯ. ಎಸಳು ಕಳಚಿದ ಮೇಲೆ ರೋಮಭರಿತ ಪುಷ್ಪಪಾತ್ರೆ ಮುಚ್ಚಿಕೊಂಡು ಜೋತುಬೀಳುತ್ತದೆ. ಅದನ್ನು ಬೆರಳಿನಿಂದ ಬಿಡಿಸಿ ನೋಡಿದರೆ ಒಳಗೆ ನಾಲ್ಕು ಬೀಜಗಳಿರುತ್ತವೆ, ಎಲ್ಲವೂ ಗಟ್ಟಿಯಾಗಬೇಕೆಂದಿಲ್ಲ. ಹಸಿರಿನಿಂದ ಕಂದು, ಕಂದಿನಿಂದ ಕಪ್ಪಿಗೆ ತಿರುಗಿದ ಬೀಜವನ್ನು ಗಿಡ ಹಿಡಿದಿಟ್ಟುಕೊಳ್ಳುವುದಿಲ್ಲ, ಪಾತ್ರೆ ಇನ್ನೂ ಹಸಿರಾಗಿರುವಾಗಲೇ ಕೆಳಗೆ ಬಿಡುತ್ತದೆ. ಒಂದೇ ಕೊಂಬೆಯ ತುದಿಯಲ್ಲಿ ಮೊಗ್ಗು, ನಡುವೆ ಹೂವು, ಬುಡದ ಕಡೆ ಉದುರುವ ಬೀಜ ಒಟ್ಟಿಗೇ ಇರುವುದರಿಂದ ಗಿಡ ಒಣಗಲಿ ಎಂದು ಕಾದವರಿಗೆ ಸಿಗುವುದು ಬರೀ ಕಡ್ಡಿ. ಮೊದಲ ಬೀಜಗಳು ಕಪ್ಪಾದ ಕೂಡಲೇ ನಾನು ಒಂದೆರಡು ಗಿಡಗಳ ಕೆಳಗೆ ಹಳೆಯ ಪಂಚೆ ಹಾಸಿ, ಸಂಜೆ ಕೊಂಬೆಯನ್ನು ಮೆಲ್ಲಗೆ ಅಲುಗಿಸಿ ಬೀಜ ಕೂಡಿಸುತ್ತೇನೆ. ನೆರಳಿನಲ್ಲಿ ಒಣಗಿಸಿ ಬಾಟಲಿಗೆ ತುಂಬಿದ ಈ ಬೀಜ ಆಪತ್ತಿಗೆಂದು ಇಟ್ಟುಕೊಂಡದ್ದು. ಉಳಿದ ಗಿಡಗಳ ಬೀಜ ಪಾತಿಗೇ ಬೀಳುತ್ತದೆ. ಬೀಜದ ಬುಡದಲ್ಲಿರುವ ಬಿಳಿಯ ಮೆದು ಭಾಗಕ್ಕಾಗಿ ಇರುವೆಗಳು ಅದನ್ನು ಹೊತ್ತೊಯ್ಯುವುದರಿಂದ ಪಾತಿಯಿಂದ ದೂರದ ಕಲ್ಲುಸಂದಿಯಲ್ಲಿಯೂ ಸಸಿ ಏಳುವುದುಂಟು.

ಬೀಜ ಬಿದ್ದು ಮುಗಿದು ಹಳೆಯ ಗಿಡಗಳನ್ನು ಕಿತ್ತ ಮೇಲೆ, ಹೂಮಳೆಗೆ ಮುಂಚೆ, ಪಾತಿಯನ್ನು ಒಂದು ಗುದ್ದಲಿ ಆಳಕ್ಕೆ ಮಗುಚಿ ಹಾಕುತ್ತೇನೆ. ಆಳಕ್ಕೆ ಹೋದ ಬೀಜಕ್ಕೆ ಮೇಲೇಳಲು ಆಗುವುದಿಲ್ಲ. ಒಂದಿಷ್ಟು ಅಲ್ಲಿಯೇ ಹಾಳಾದರೂ ಉಳಿದದ್ದು ಕಾದಿರುತ್ತದೆ. ಮೇಲ್ಮಣ್ಣಿನಲ್ಲಿ ಉಳಿದವು ಏಪ್ರಿಲ್, ಮೇ ತಿಂಗಳ ಮಳೆಗೆ ಒತ್ತಾಗಿ ಹುಟ್ಟುತ್ತವೆ. ಅವುಗಳನ್ನು ಕನಿಕರವಿಲ್ಲದೆ ಕೆತ್ತಿ ಅಲ್ಲಿಯೇ ಮಣ್ಣಿಗೆ ಸೇರಿಸಬೇಕು. ಉಳಿಸಿಕೊಂಡರೆ ಜೂನ್ ಹೊತ್ತಿಗೆ ಅವು ಬಸವನಹುಳುವಿಗೆ ಆಹಾರವಾಗುತ್ತವೆ, ಇಲ್ಲವೇ ಕೊಳೆಯುತ್ತವೆ. ಮಳೆಗಾಲದುದ್ದಕ್ಕೂ ಪಾತಿಯ ಮೇಲೆ ದಪ್ಪಗೆ ದರಗು, ಅಂದರೆ ಒಣಗಿದ ಎಲೆ, ಹಾಸಿರುತ್ತೇನೆ, ಮಣ್ಣೂ ಕೊಚ್ಚಿಹೋಗುವುದಿಲ್ಲ, ಬೀಜವೂ ಏಳುವುದಿಲ್ಲ. ಹಸ್ತ ಕಳೆದು ಚಿತ್ತೆ ಮಳೆ ಹುಟ್ಟುವಾಗ, ಅಂದರೆ ಅಕ್ಟೋಬರ್ ಎರಡನೆಯ ವಾರದ ಹೊತ್ತಿಗೆ, ದರಗು ಸರಿಸಿ ಮಣ್ಣನ್ನು ಮತ್ತೆ ಮಗುಚಿದರೆ ಅಡಿಯ ಬೀಜ ಬೆಳಕಿನ ಹತ್ತಿರ ಬಂದು ಮೊಳೆಯುತ್ತದೆ. ಎಲ್ಲಿ ತೆಳುವಾಗಿ ಹುಟ್ಟಿತೋ ಅಲ್ಲಿಗೆ ಬಾಟಲಿಯ ಬೀಜ.

ಮೊದಲ ಎರಡು ಎಲೆಗಳು ದುಂಡಗೆ, ದಪ್ಪಗೆ ಇದ್ದು, ಕಣ್ಣಿಗೆ ಹತ್ತಿರ ಹಿಡಿದರೆ ಅವುಗಳ ಮೇಲೂ ಸಣ್ಣ ರೋಮ ಕಾಣುವುದರಿಂದ ಕಳೆಯಲ್ಲಿ ಇವನ್ನು ಗುರುತಿಸುವುದು ಕಷ್ಟವಲ್ಲ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ಉಳಿದವನ್ನು ಕೀಳಬೇಕು. ಹೀಗೆ ಮಾಡದಿದ್ದರೆ ಜನವರಿಯ ಇಬ್ಬನಿಯಲ್ಲಿ ಎಲೆಗೆ ಬೂದಿ ರೋಗ ಹತ್ತುತ್ತದೆ, ಪಕ್ಕದ ಕೊತ್ತಂಬರಿ, ಕ್ಯಾರೆಟ್ ಸಾಲುಗಳು ನೆರಳಿನಡಿ ನಲುಗುತ್ತವೆ. ಎರಡು, ಮೂರು ಅಡಿ ಬೆಳೆದ ಗಿಡದ ಮುಳ್ಳುರೋಮ ಚರ್ಮಕ್ಕೆ ತುರಿಕೆ ತರುವುದರಿಂದ ಕೈಗವಸು ಬೇಕು. ಎಳೆಯದರಲ್ಲಿಯೇ ಕಿತ್ತರೆ ಆ ರಗಳೆಯೂ ಇಲ್ಲ. ನೀರಿನಂಶ ಹೆಚ್ಚಿರುವ ಈ ಗಿಡ ಗೊಬ್ಬರದ ಗುಂಡಿಯಲ್ಲಿ ಬೇಗ ಕರಗುತ್ತದೆ. ಬೀಜ ಕಟ್ಟಿದ ಗಿಡವನ್ನು ಮಾತ್ರ ಗುಂಡಿಗೆ ಹಾಕಬಾರದು, ಆ ಗೊಬ್ಬರ ಹೋದಲ್ಲೆಲ್ಲ ಬೊರೇಜ್ ಹುಟ್ಟುತ್ತದೆ.

ಎಲೆಯನ್ನು ಉಜ್ಜಿದರೆ ಎಳೆಸೌತೆಯ ವಾಸನೆ ಬರುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಪತ್ರೆಯನ್ನೂ ಇಂಡಿಯನ್ ಬೊರೇಜ್ ಎಂದು ಕರೆಯುವುದರಿಂದ ಇದರಲ್ಲಿಯೂ ತಂಬುಳಿ ಮಾಡಬಹುದೇ ಎಂದು ಪಕ್ಕದ ಮನೆಯ ಅಕ್ಕ ಕೇಳಿದ್ದುಂಟು. ಬೇಡವೆಂದೇ ಹೇಳಿದೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಮತ್ತು ಬೊರೇಜ್ ಎಲೆಯಲ್ಲಿ ಯಕೃತ್ತಿಗೆ ಹಾನಿ ಮಾಡಬಲ್ಲ ಪಿರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, ಯಕೃತ್ತಿನ ತೊಂದರೆ ಇರುವವರು ಅದನ್ನು ತಿನ್ನಲೇಬಾರದು. ನಮ್ಮ ಮನೆಯಲ್ಲಿ ಅಪರೂಪಕ್ಕೊಮ್ಮೆ ಎರಡು ಹೂವನ್ನು ನಿಂಬೆ ಪಾನಕದ ಮೇಲೆ ತೇಲಿಬಿಡುತ್ತೇವೆ, ಹುಳಿ ತಾಗಿದ ನೀಲಿ ಎಸಳು ನಸುಗೆಂಪಿಗೆ ತಿರುಗುತ್ತದೆ. ಬಳಕೆ ಅಷ್ಟಕ್ಕೇ ನಿಂತಿದೆ.

ಇದೆಲ್ಲ ಚಿಕ್ಕಮಗಳೂರು ಪೇಟೆಯ ಲೆಕ್ಕ. ಮೂಡಿಗೆರೆ, ಕೊಪ್ಪದ ಕಡೆ ಮಳೆ ತಡವಾಗಿ ಬಿಡುವುದರಿಂದ ಅಲ್ಲಿಯವರು ಸ್ವಾತಿ ಮಳೆಯವರೆಗೂ ಕಾಯುವುದು ಒಳ್ಳೆಯದು. ಕಡೂರಿನ ಬಯಲಿನಲ್ಲಿ ಮಳೆ ಕಡಿಮೆ, ಬಿಸಿಲು ಬೇಗ ಏರುತ್ತದೆ. ಅಲ್ಲಿ ಸೆಪ್ಟೆಂಬರ್ ಕೊನೆಗೇ ಮಣ್ಣು ಮಗುಚಿ, ಮಧ್ಯಾಹ್ನದ ನೆರಳು ಸಿಗುವ ಜಾಗ ನೋಡಿಕೊಂಡು, ನೀರು ಕೊಟ್ಟು ಎಬ್ಬಿಸಬೇಕಾಗುತ್ತದೆ.