ಬದಲಿಸಿದ್ದು ಸೆನ್ಸರ್, ದೋಷವಿದ್ದದ್ದು ಅರ್ಥ್ ವೈರಿನಲ್ಲಿ

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಗ್ಯಾರೇಜಿಗೆ ಗದಗಿನಿಂದ ಒಂದು ಪೆಟ್ರೋಲ್ ಕಾರು ಬಂದಿತ್ತು. "ಆವರೇಜ್ ಭಾಳ ಬಿದ್ದೈತ್ರಿ, ನಿಂತಾಗ ಪೆಟ್ರೋಲ್ ವಾಸನಿ ಬರ್ತದ" ಎಂಬುದು ಮಾಲೀಕರ ದೂರು. ಸ್ಕ್ಯಾನರಿನಲ್ಲಿ ದೋಷ ಸೂಚಿಸುವ ಯಾವ ಕೋಡೂ ಇರಲಿಲ್ಲ. ಆದರೆ ಐಡ್ಲಿಂಗಿನಲ್ಲಿ 35 ಕಿಲೋಪ್ಯಾಸ್ಕಲ್ ಆಸುಪಾಸಿನಲ್ಲಿರಬೇಕಾದ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಒತ್ತಡ 44 ತೋರಿಸುತ್ತಿತ್ತು. ಎಲ್ಲಿಯೂ ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆ ಒತ್ತಡ ಅಳೆಯುವ ಸೆನ್ಸರನ್ನೇ ದೂರಿ, ಹೊಸದನ್ನು ಹಾಕಿದೆ. ರೀಡಿಂಗ್ ಕದಲಲಿಲ್ಲ.

ಆಮೇಲೆ, ಮೊದಲೇ ಮಾಡಬೇಕಿದ್ದ ಯೋಚನೆಯನ್ನು ಮಾಡಿದೆ. ಈ ಸೆನ್ಸರಿಗೆ ನಾಲ್ಕು ವೈರುಗಳು: 5 ವೋಲ್ಟ್, ಅರ್ಥ್, ಒತ್ತಡದ ಸಿಗ್ನಲ್ ಮತ್ತು ಉಷ್ಣಾಂಶದ ಸಿಗ್ನಲ್. ಒಳಗಿನ ತೆಳು ಸಿಲಿಕಾನ್ ಪೊರೆಯ ಒಂದು ಬದಿಯಲ್ಲಿ ನಿರ್ವಾತ, ಇನ್ನೊಂದು ಬದಿಯಲ್ಲಿ ಮ್ಯಾನಿಫೋಲ್ಡಿನ ಗಾಳಿ. ಒತ್ತಡ ಹೆಚ್ಚಿ ಪೊರೆ ಬಾಗಿದಂತೆ ಅದರಲ್ಲಿನ ರೋಧಕಗಳು ಬದಲಾಗಿ ವೋಲ್ಟೇಜ್ ಏರುತ್ತದೆ. ಉಷ್ಣಾಂಶ ಅಳೆಯುವ ಥರ್ಮಿಸ್ಟರಿನ ನಡೆ ಇದಕ್ಕೆ ವಿರುದ್ಧ: ಗಾಳಿ ಬಿಸಿಯಾದಷ್ಟೂ ಅದರ ರೋಧ ಕುಗ್ಗಿ ವೋಲ್ಟೇಜ್ ಇಳಿಯುತ್ತದೆ. ಇವೆರಡರ ಜೊತೆಗೆ ಎಂಜಿನ್ನಿನ ವೇಗವನ್ನೂ ಹಿಡಿದು, ಸಿಲಿಂಡರಿಗೆ ಹೋಗುವ ಗಾಳಿ ಎಷ್ಟು ತೂಕದ್ದೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ.

ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದೆ. ಆಗ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ಹೇಳಬೇಕು. ಅದು 97 ತೋರಿಸಿತು. ಕಾರವಾರದಲ್ಲಾದರೆ 101ರಷ್ಟು ಬರಬೇಕು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಹುಬ್ಬಳ್ಳಿಯಲ್ಲಿ 94ರ ಸುತ್ತಮುತ್ತ ಇರಬೇಕು. ಪುಸ್ತಕದ 101ನ್ನೇ ನೆಚ್ಚಿಕೊಂಡವರಿಗೆ ಈ 97 ತುಸು ಕಡಿಮೆಯೆಂದೇ ಕಾಣುತ್ತಿತ್ತು. ಇನ್ನು, ಗೋಡೆಯ ಥರ್ಮಾಮೀಟರ್ 29 ಡಿಗ್ರಿ ಎಂದರೆ ಸ್ಕ್ಯಾನರ್ 24 ಎನ್ನುತ್ತಿತ್ತು.

ಒತ್ತಡ ಹೆಚ್ಚು, ಉಷ್ಣಾಂಶ ಕಡಿಮೆ ಎಂದರೆ ಎರಡೂ ಸಿಗ್ನಲ್‌ಗಳ ವೋಲ್ಟೇಜ್ ಮೇಲೇರಿದೆ ಎಂದರ್ಥ. ಎರಡನ್ನೂ ಒಟ್ಟಿಗೆ ಮೇಲೆತ್ತಬಲ್ಲದ್ದು ಅವೆರಡಕ್ಕೂ ಸೇರಿದ ಅರ್ಥ್ ವೈರು. ದಟ್ಟವಾದ ತಂಪು ಗಾಳಿ ಬರುತ್ತಿದೆಯೆಂದು ನಂಬಿದ ಇಸಿಯು ಪೆಟ್ರೋಲ್ ಹೆಚ್ಚಿಸಿತ್ತು. ಅರ್ಥ್ ಕೆಟ್ಟಾಗ ಸಿಗ್ನಲ್ ಕೆಳಗಿದ್ದಷ್ಟೂ ತಪ್ಪು ದೊಡ್ಡದಾಗುತ್ತದೆ. ಕೀಲಿ ತಿರುಗಿಸಿದಾಗ 3ರಷ್ಟಿದ್ದ ವ್ಯತ್ಯಾಸ ಐಡ್ಲಿಂಗಿನಲ್ಲಿ 9 ಆಗಿದ್ದು ಅದಕ್ಕೇ.

ಕನೆಕ್ಟರ್ ಜೋಡಿಸಿದ್ದಂತೆಯೇ ಅದರ ಅರ್ಥ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ಮಲ್ಟಿಮೀಟರ್ ಹಿಡಿದೆ. ಸೊನ್ನೆಗೆ ಹತ್ತಿರವಿರಬೇಕಾದಲ್ಲಿ 0.5 ವೋಲ್ಟ್ ಬಂತು. ವೈರಿಂಗಿನ ಟೇಪು ಬಿಚ್ಚುತ್ತ ಹೋದಾಗ ಕಿಲುಬು ಹಿಡಿದು ಹಸಿರಾಗಿದ್ದ ಒಂದು ಜಾಯಿಂಟ್ ಸಿಕ್ಕಿತು. ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಹಳೆಯ ಸೆನ್ಸರನ್ನೇ ಮತ್ತೆ ಕೂರಿಸಿದೆ. ಕೀಲಿ ತಿರುಗಿಸಿದಾಗ 94, ಐಡ್ಲಿಂಗಿನಲ್ಲಿ 35. ಹೊಸ ಸೆನ್ಸರಿನ ಹಣವನ್ನು ಬಿಲ್ಲಿಗೆ ಸೇರಿಸಲಿಲ್ಲ. ಅದಿನ್ನೂ ನನ್ನ ಕಪಾಟಿನಲ್ಲಿದೆ.