ಬಾಗಿಲಲ್ಲೇ ನಿಂತುಹೋಗಿದ್ದ ಚಿತ್ರ

ಹಾಸನ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಕೌನ್ಸೆಲರ್. ಬಿ.ಕಾಂ. ಓದುವ ಹುಡುಗಿಯೊಬ್ಬಳು ಪರೀಕ್ಷೆ ಹಾಲ್‌ನಿಂದ ಅರ್ಧಕ್ಕೇ ಎದ್ದು ಬಂದಿದ್ದಳು, ಅದೂ ಎರಡು ಸಲ. (ಬರೆಯಲು ಅವಳ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಮೊದಲ ಎರಡು ಭೇಟಿಯಲ್ಲಿ ನಾನೇ ತಪ್ಪು ಮಾಡಿದೆ. ಯೋಚನೆಗಳನ್ನು ಹಿಡಿದು ಕೇಳುವುದು ನನಗೆ ರೂಢಿ. "ಫೇಲಾದರೆ ಏನಾಗುತ್ತೆ ಅನ್ಸುತ್ತೆ?" ಅಂದರೆ "ಗೊತ್ತಿಲ್ಲ ಮೇಡಂ" ಅನ್ನುತ್ತಿದ್ದಳು. ಅವಳು ತಾನಾಗೇ ಹೇಳುತ್ತಿದ್ದುದು ಒಂದೇ ಮಾತು: "ಹೊಟ್ಟೆ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗುತ್ತೆ." ನಾನು ಅದನ್ನು ದಾಟಿಕೊಂಡು ಮತ್ತೆ ಯೋಚನೆಗೇ ಎಳೆಯುತ್ತಿದ್ದೆ.

ಆಗ ನೆನಪಾದವರು ಆರ್ನಾಲ್ಡ್ ಲಾಜರಸ್. 1932ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮನಃಶಾಸ್ತ್ರಜ್ಞ. ಬರೀ ನಡವಳಿಕೆ ತಿದ್ದಿಸಿಕೊಂಡು ಹೋದವರು ಎಷ್ಟೋ ಜನ ಮತ್ತೆ ಹಳೇ ಸ್ಥಿತಿಗೆ ಜಾರುತ್ತಾರೆ ಅಂತ ಅವರು ಕಂಡರು. 1970ರ ದಶಕದಲ್ಲಿ ಮಲ್ಟಿಮೋಡಲ್ ಥೆರಪಿ ಅನ್ನುವ ಚಿಕಿತ್ಸಾ ಕ್ರಮ ರೂಪಿಸಿದರು. ಅದರ ಪ್ರಕಾರ ನಡವಳಿಕೆ, ಭಾವನೆ, ಮೈಗೆ ಆಗುವ ಅನುಭವ, ಕಣ್ಣ ಮುಂದೆ ಬರುವ ಚಿತ್ರ, ಯೋಚನೆ, ಸಂಬಂಧ, ಆರೋಗ್ಯ ಮತ್ತು ಔಷಧಿ ಹೀಗೆ ಏಳು ಕಡೆಯಿಂದ ಮನುಷ್ಯರನ್ನು ನೋಡಬೇಕು. ಚಿಕಿತ್ಸೆಯ ತಂತ್ರ ಮನಃಶಾಸ್ತ್ರದ ಯಾವ ಪಂಥದ್ದಾದರೂ ತೆಗೆದುಕೊಳ್ಳಿ, ಸಿದ್ಧಾಂತಗಳನ್ನು ಮಾತ್ರ ಕಲಸುಮೇಲೋಗರ ಮಾಡಬೇಡಿ ಅನ್ನುವುದು ಅವರ ನಿಲುವು. ನನಗೆ ಅದು ಪೂರ್ತಿ ಒಪ್ಪಿಗೆ.

ಅವರ ಎರಡು ಉಪಾಯ ನನಗೆ ಜಾಸ್ತಿ ಕೆಲಸಕ್ಕೆ ಬಂದಿವೆ. ಒಂದು ಬ್ರಿಡ್ಜಿಂಗ್. ಎದುರಿಗಿರುವವರು ಯಾವುದರ ಬಗ್ಗೆ ಮಾತಾಡುತ್ತಾರೋ ಅಲ್ಲಿಗೆ ಮೊದಲು ನಾವು ಹೋಗಬೇಕು, ಆಮೇಲೆ ಕೈ ಹಿಡಿದು ಬೇರೆ ಕಡೆ ಕರೆದುಕೊಂಡು ಬರಬೇಕು. ಇನ್ನೊಂದು ಟ್ರ್ಯಾಕಿಂಗ್. ಏಳರಲ್ಲಿ ಯಾವುದು ಮೊದಲು ಹೊತ್ತಿಕೊಳ್ಳುತ್ತೆ, ಯಾವುದು ಆಮೇಲೆ ಅಂತ ಸಾಲು ಹಿಡಿಯುವುದು.

ಮೂರನೇ ಭೇಟಿಯಲ್ಲಿ ಹೊಟ್ಟೆಯ ಬಗ್ಗೆಯೇ ಕೇಳಿದೆ. ಎಲ್ಲಿ ಹಿಂಡುತ್ತೆ, ಎಷ್ಟು ಹೊತ್ತು, ಬೆಳಗ್ಗೆ ತಿಂಡಿ ಏನು. ಪರೀಕ್ಷೆ ದಿನ ಬರೀ ಕಾಫಿ ಕುಡಿದು ಬರುತ್ತಾಳೆ ಅಂತ ಆಗ ಗೊತ್ತಾಯಿತು. ಡಾಕ್ಟರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ಸುಸ್ತಿಗೆ ಅದೂ ಒಂದು ಕಾರಣವಾಗಿದ್ದಾಗ ಬರೀ ಧೈರ್ಯ ಹೇಳಿ ಕಳಿಸಿದ್ದರೆ ಅನ್ಯಾಯವಾಗುತ್ತಿತ್ತು, ಅಲ್ವಾ?

ಹೊಟ್ಟೆಯ ಮಾತು ಸಾಕಷ್ಟು ಆದಮೇಲೆ ಮೆಲ್ಲಗೆ ಕೇಳಿದೆ: "ಹಿಂಡೋಕೆ ಸ್ವಲ್ಪ ಮುಂಚೆ ಕಣ್ಣ ಮುಂದೆ ಏನಾದರೂ ಬರುತ್ತಾ?"

ತುಂಬಾ ಹೊತ್ತು ಸುಮ್ಮನಿದ್ದಳು. "ಅಪ್ಪ ಬಾಗಿಲ ಹತ್ರ ಚಪ್ಪಲಿ ಬಿಡ್ತಾ ಇರ್ತಾರೆ. ನನ್ನ ಮುಖ ನೋಡಲ್ಲ."

ಮೊದಲ ಸೆಮಿಸ್ಟರ್‌ನಲ್ಲಿ ಅಕೌಂಟೆನ್ಸಿ ಹೋದ ದಿನದ ಚಿತ್ರ ಅದು. ಚಿತ್ರ ಮೊದಲು, ಆಮೇಲೆ ಹೊಟ್ಟೆ, ಆಮೇಲೆ "ನನ್ನ ಕೈಲಿ ಆಗಲ್ಲ" ಅನ್ನುವ ಯೋಚನೆ, ಕೊನೆಗೆ ಎದ್ದು ಓಡುವುದು. ನಾನು ಮೂರನೆಯದರಿಂದ ಶುರು ಮಾಡಿದ್ದೆ!

ಹಾಗಾಗಿ ಕೆಲಸ ಚಿತ್ರದಿಂದಲೇ. ಕಣ್ಣು ಮುಚ್ಚಿಸಿ, "ಚಪ್ಪಲಿ ಬಿಟ್ಟಾಯ್ತು. ಆಮೇಲೆ?" ಅಂದೆ. ಅವಳ ಚಿತ್ರ ಯಾವತ್ತೂ ಬಾಗಿಲು ದಾಟಿರಲಿಲ್ಲ. "ಕೈಕಾಲು ತೊಳೀತಾರೆ... ಊಟಕ್ಕೆ ಕೂತ್ಕೋತಾರೆ..." ತಡೆದು, "ಅವಳಿಗೂ ತಟ್ಟೆ ಹಾಕು ಅಂತ ಅಮ್ಮಂಗೆ ಹೇಳ್ತಾರೆ" ಅಂದಳು. ಅವತ್ತು ನಿಜವಾಗಿ ನಡೆದದ್ದೂ ಅದೇ. ಅವಳು ಅತ್ತಳು. ನಾನು ಮಾತಾಡಲಿಲ್ಲ. ದಿನಾ ರಾತ್ರಿ ಆ ಚಿತ್ರವನ್ನು ತಟ್ಟೆಯವರೆಗೂ ನಡೆಸು ಅಂತ ಕಳಿಸಿದೆ.

ಉಳಿದವು ಬೇಗ ಆದವು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ ಸ್ನಾಯು ಸಡಿಲಿಸುವ ಅಭ್ಯಾಸ: ಮುಷ್ಟಿ ಬಿಗಿ ಹಿಡಿ, ಬಿಡು, ವ್ಯತ್ಯಾಸ ಗಮನಿಸು. ಅದೇ ಪರೀಕ್ಷೆ ಹಾಲ್‌ನಲ್ಲಿ ಮೊದಲ ದಿನ ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು. ನಾನು ಅಪ್ಪನಾಗಿ ಕೂತು ಅವಳಿಂದ ಮಾತು ಹೇಳಿಸುವುದು.

ಒಂದು ವಿಷಯ ಮಾತ್ರ ಯಾರ ಜೊತೆಗೂ ಮುಂದಕ್ಕೆ ಹಾಕುವುದಿಲ್ಲ. ಸಾಯುವ ಯೋಚನೆ ಬಂದಿದೆಯಾ ಅಂತ ಮೊದಲ ಭೇಟಿಯಲ್ಲೇ ನೇರ ಕೇಳುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ನನ್ನ ಕೋಣೆಯ ಗೋಡೆ ಮೇಲೆ ದೊಡ್ಡದಾಗಿ ಬರೆದಿದೆ.

ಪರೀಕ್ಷೆ ಮುಗಿದ ದಿನ ಅವಳು ನನ್ನ ಕೋಣೆಗೆ ಬಂದಳು. "ಹಿಂಡ್ತು ಮೇಡಂ," ಅಂದಳು. "ಎದ್ದು ಬರಲಿಲ್ಲ. ಕೊನೇ ಬೆಲ್‌ವರೆಗೂ ಬರೆದೆ."