ಜಿಎಂಟಿ ಮುಳ್ಳನ್ನು ಅರ್ಧ ಗಂಟೆ ಸರಿಸಿ ಕೂರಿಸಿದ್ದು: ನನ್ನ ಅನುಭವ

"ಗಂಟೆ ಗಂಟೆಗೆ ಹಾರುವ ಮುಳ್ಳು ಅದು. ಅದರಲ್ಲಿ ಅರ್ಧ ಗಂಟೆ ಎಲ್ಲಿಂದ ತರ್ತೀರಾ?" ಅಂತ ಕೇಳಿದವರೇ ಜಾಸ್ತಿ. ಜಿಎಂಟಿ ಮುಳ್ಳು ಅಂದರೆ ಇನ್ನೊಂದು ಸಮಯ ವಲಯ ತೋರಿಸಲು ಕೈಗಡಿಯಾರದಲ್ಲಿರುವ, 24 ಗಂಟೆಗೆ ಒಂದು ಸುತ್ತು ಹಾಕುವ ನಾಲ್ಕನೇ ಮುಳ್ಳು. ನನಗಿಂತ ಹೆಚ್ಚು ವರ್ಷ ಕಣ್ಣಿಗೆ ಲೂಪ್ (ಭೂತಗನ್ನಡಿ) ಹಾಕಿಕೊಂಡು ಕೂತವರೂ ಅದನ್ನೇ ಹೇಳಿದರು. ಈಗ ಆ ವಾಚು ಕೆಲವು ತಿಂಗಳಿಂದ ನನ್ನ ಕೈಯಲ್ಲಿದೆ. ಗಂಟೆ ಮುಳ್ಳು ಭಾರತದ ಸಮಯ ತೋರಿಸುತ್ತದೆ. 24 ಗಂಟೆಯ ಮುಳ್ಳು ಗ್ರೀನಿಚ್ ಸಮಯವನ್ನು ನೇರವಾಗಿ ತೋರಿಸುತ್ತದೆ. ದಿನಾಂಕ ಮಧ್ಯರಾತ್ರಿಗೇ ಬದಲಾಗುತ್ತದೆ. ಹೊಸ ಚಕ್ರ ಹಾಕಿಲ್ಲ, ಸ್ಪ್ರಿಂಗ್ ಬಗ್ಗಿಸಿಲ್ಲ. ಮುಳ್ಳು ಕೂರಿಸುವ ಜಾಗ ಮಾತ್ರ ಬದಲಾಯಿಸಿದ್ದೇನೆ.

ಮೂವ್‌ಮೆಂಟ್, ಅಂದರೆ ವಾಚಿನ ಒಳಗಿನ ಯಂತ್ರ, ಸೀಕೋ ಕಡೆಯ ಎನ್‌ಎಚ್34. ಬಿಚ್ಚಿ ನೋಡಿದವರಿಗೆ ಗೊತ್ತೇ ಇರುತ್ತದೆ. ಗಂಟೆಗೆ 21,600 ಬಡಿತ, ಪೂರ್ತಿ ಚಾವಿ ಕೊಟ್ಟರೆ 41 ಗಂಟೆ ಓಡುತ್ತದೆ. ಕ್ರೌನ್ ಅನ್ನು (ಪಕ್ಕದ ಚಾವಿ ಗುಂಡಿ) ಒಂದು ಹೆಜ್ಜೆ ಎಳೆದು ಒಂದು ಕಡೆ ತಿರುಗಿಸಿದರೆ ದಿನಾಂಕ, ಇನ್ನೊಂದು ಕಡೆ ತಿರುಗಿಸಿದರೆ ಜಿಎಂಟಿ ಮುಳ್ಳು. ಆ ಮುಳ್ಳು ಒಂದೊಂದು ಗಂಟೆಗೆ ಹಾರುತ್ತದೆ. ಅಂದರೆ ಒಂದು ಹಾರಿಕೆಗೆ 15 ಡಿಗ್ರಿ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಗ್ರೀನಿಚ್ ಸಮಯದಿಂದ ವ್ಯತ್ಯಾಸ ಪೂರ್ತಿ ಗಂಟೆಗಳಲ್ಲಿದ್ದರೆ ತಲೆನೋವೇ ಇಲ್ಲ. ಭಾರತಕ್ಕೆ ಐದೂವರೆ. ಇರಾನ್ ಮೂರೂವರೆ, ಅಫ್ಘಾನಿಸ್ತಾನ ನಾಲ್ಕೂವರೆ, ಮ್ಯಾನ್ಮಾರ್ ಆರೂವರೆ, ಅಡಿಲೇಡ್ ಒಂಬತ್ತೂವರೆ, ನ್ಯೂಫೌಂಡ್‌ಲ್ಯಾಂಡ್ ಮೈನಸ್ ಮೂರೂವರೆ. ನೇಪಾಳದ 5:45 ಇನ್ನೊಂದು ಕಥೆ, ಆಮೇಲೆ ಬರ್ತೀನಿ.

ಎಲ್ಲರೂ ಮೊದಲು ಕೊಡುವ ಸಲಹೆ ಒಂದೇ: "ಬೆಜೆಲ್ ತಿರುಗಿಸಿ, ಮುಗೀತು." ಬೆಜೆಲ್ ಅಂದರೆ ಗ್ಲಾಸಿನ ಸುತ್ತ ಹೊರಗೆ ತಿರುಗುವ, 24 ಗಂಟೆಯ ಅಂಕಿಗಳಿರುವ ರಿಂಗು. ನಾನೂ ಅಲ್ಲಿಂದಲೇ ಶುರು ಮಾಡಿದೆ. 24 ಕ್ಲಿಕ್ಕಿನ ಬೆಜೆಲ್ ಅರ್ಧ ಗಂಟೆಗೆ ನಿಲ್ಲುವುದಿಲ್ಲ. ಆಗ 120 ಕ್ಲಿಕ್ಕಿನದು ತರಿಸಿದೆ. ಕ್ಲಿಕ್ ಜಾಸ್ತಿ ಇದ್ದರೆ ಸಾಕು ಅನ್ನೋದು ಎಲ್ಲರ ಲೆಕ್ಕ. 120ನ್ನು 24ರಿಂದ ಭಾಗಿಸಿ ನೋಡಿ, ಗಂಟೆಗೆ ಐದು ಕ್ಲಿಕ್. ಅರ್ಧ ಗಂಟೆಗೆ ಎರಡೂವರೆ ಕ್ಲಿಕ್ ಎಲ್ಲಿಂದ ಬರಬೇಕು? 48 ಕ್ಲಿಕ್ಕಿನದು ಸರಿಹೋಗುತ್ತದೆ, ಆದರೆ ಆ ಕೇಸಿಗೆ ಕೂರುವಂಥದ್ದು ಸಿಗಲಿಲ್ಲ. ಸಿಕ್ಕಿದ್ದರೂ ನನಗೆ ಬೇಡವಾಗಿತ್ತು. ಬೆಜೆಲ್ಲನ್ನು ಅರ್ಧ ಗಂಟೆಗೆ ಖರ್ಚು ಮಾಡಿದರೆ ಮೂರನೇ ವಲಯಕ್ಕೆ ಏನು ಉಳಿಯಿತು? 1950ರ ದಶಕದ ಮೊದಲ ರೋಲೆಕ್ಸ್ ಜಿಎಂಟಿ-ಮಾಸ್ಟರ್‌ನಲ್ಲಿ 24ರ ಮುಳ್ಳು ಗಂಟೆ ಮುಳ್ಳಿಗೇ ಕಟ್ಟಿಹಾಕಿದ್ದಾಗಿತ್ತು. ಎರಡನೇ ವಲಯಕ್ಕೆ ಬೆಜೆಲ್ ಬಿಟ್ಟರೆ ಗತಿ ಇರಲಿಲ್ಲ. ಗಂಟೆ ಮುಳ್ಳನ್ನು ಬೇರೆಯಾಗಿ ಹಾರಿಸುವ ಏರ್ಪಾಡು ಅವರಲ್ಲೂ ಬಂದದ್ದು 1980ರ ದಶಕದಲ್ಲಿ. ಅಷ್ಟು ಮುಂದೆ ಬಂದ ಮೇಲೆ ನಾನು ಯಾಕೆ ಹಿಂದೆ ಹೋಗಲಿ?

ಎರಡನೇ ಸಲಹೆ ಡಯಲ್ ಸುತ್ತಲಿನ ಒಳರಿಂಗ್ ತಿರುಗಿಸೋದು. ರಿಂಗಿನ ಮೇಲೆ 24 ಗಂಟೆಯ ಅಂಕಿಗಳಿರುತ್ತವೆ, ಅದನ್ನು ಏಳೂವರೆ ಡಿಗ್ರಿ ಸರಿಸಿದರೆ ಅರ್ಧ ಗಂಟೆ ಸರಿದ ಹಾಗೆ. ಲೆಕ್ಕ ಸರಿ. ನೋಡೋಕೆ ಮಾತ್ರ ಅಸಹ್ಯ. 12ರ ಗುರುತಿನ ಪಕ್ಕ 24 ಸೊಟ್ಟಗೆ ನಿಂತಿರುತ್ತದೆ, ನೋಡಿದವರೆಲ್ಲ "ರಿಂಗ್ ಜಾರಿದೆ" ಅಂತಾರೆ. ರಿಂಗಿನ ಕೆಳಗೆ ಒಂದು ಪುಟ್ಟ ಕಿವಿ ಬೇರೆ ಇರುತ್ತದೆ, ಕೇಸಿನ ಕಚ್ಚಿನಲ್ಲಿ ಕೂರಲು. ಅದನ್ನು ಅರೆದು ತೆಗೆದು ಅಂಟು ಹಾಕಿದೆ. ಗ್ಲಾಸ್ ಒತ್ತಿ ಕೂರಿಸುವಾಗ ರಿಂಗ್ ಮತ್ತೆ ಸರಿಯಿತು, ಅಂಟಿನ ಹಬೆ ಗ್ಲಾಸಿನ ಒಳಗೆ ಮಂಜು ಕಟ್ಟಿತು. ಒಂದು ರಿಂಗು, ಒಂದು ಗ್ಲಾಸು, ಎರಡೂ ಕಸಕ್ಕೆ.

ಆಮೇಲೆ ತಲೆಗೆ ಬಂದದ್ದು ತುಂಬ ಸರಳ. ಜಿಎಂಟಿ ಮುಳ್ಳು 24 ಜಾಗದಲ್ಲಿ ಮಾತ್ರ ನಿಲ್ಲುತ್ತದೆ, ನಿಜ. ಆದರೆ ಆ 24 ಜಾಗಗಳು ನಿಮಿಷದ ಮುಳ್ಳಿನ ಯಾವ ಸ್ಥಾನಕ್ಕೆ ಹೊಂದಬೇಕು ಅನ್ನೋದನ್ನು ತೀರ್ಮಾನಿಸುವುದು ಮುಳ್ಳು ಕೂರಿಸುವವನು. ಕಾರ್ಖಾನೆಯಲ್ಲಿ ನಿಮಿಷದ ಮುಳ್ಳು 12ರಲ್ಲಿರುವಾಗ ಜಿಎಂಟಿ ಮುಳ್ಳು ಅಂಕಿಯ ಮೇಲಿರುವಂತೆ ಒತ್ತುತ್ತಾರೆ. ನಾನು ನಿಮಿಷದ ಮುಳ್ಳು 6ರಲ್ಲಿರುವಾಗ ಅಂಕಿಯ ಮೇಲಿರುವಂತೆ ಒತ್ತಿದೆ. ಅಷ್ಟೇ. ಭಾರತದ ಸಮಯ ಬೆಳಗ್ಗೆ 5:30 ಆದಾಗ ಮುಳ್ಳು ಸರಿಯಾಗಿ 24ರ ಮೇಲೆ, 6:30ಕ್ಕೆ ಸರಿಯಾಗಿ 1ರ ಮೇಲೆ.

ಹೇಳೋದು ಸುಲಭ. ಮುಳ್ಳುಗಳ ಸಾಲು ನೆನಪಿಸಿಕೊಳ್ಳಿ. ಎಲ್ಲಕ್ಕಿಂತ ಕೆಳಗೆ ಜಿಎಂಟಿ, ಅದರ ಮೇಲೆ ಗಂಟೆ, ಅದರ ಮೇಲೆ ನಿಮಿಷ, ತುದಿಯಲ್ಲಿ ಸೆಕೆಂಡು. ಜಿಎಂಟಿ ಮುಳ್ಳನ್ನು ಮೊದಲು ಕೂರಿಸಬೇಕು. ಅದನ್ನು ಕೂರಿಸುವಾಗ ಅರ್ಧ ಗಂಟೆ ಆಗಿದೆ ಅಂತ ಹೇಳಬೇಕಾದ ನಿಮಿಷದ ಮುಳ್ಳು ಇನ್ನೂ ಮೇಜಿನ ಮೇಲೇ ಇರುತ್ತದೆ! ನನ್ನ ದುಡ್ಡೆಲ್ಲ ಹೋದದ್ದು ಈ ಒಂದು ಜಾಗದಲ್ಲಿ.

ಮೊದಲು ಕಣ್ಣಳತೆಯಲ್ಲಿ ಪ್ರಯತ್ನಪಟ್ಟೆ. ದಿನಾಂಕ ಹಾರುವವರೆಗೆ ತಿರುಗಿಸಿ, ಗಂಟೆ ಮತ್ತು ನಿಮಿಷ 12ಕ್ಕೆ, ಜಿಎಂಟಿ ಮುಳ್ಳು ಎರಡು ಗುರುತುಗಳ ನಟ್ಟನಡುವೆ. ಖಾಲಿ ಜಾಗದ ನಡುವನ್ನು ಗುರಿ ಇಡೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. 24 ಗಂಟೆಯ ಮುಳ್ಳಿಗೆ ಒಂದು ಡಿಗ್ರಿ ಅಂದರೆ ನಾಲ್ಕು ನಿಮಿಷ. ನನ್ನ ಮುಳ್ಳಿನ ತುದಿ ನಡುವಿನಿಂದ ಸುಮಾರು 13 ಮಿಲಿಮೀಟರ್ ದೂರ, ಅಲ್ಲಿ ಒಂದು ಡಿಗ್ರಿ ಅಂದರೆ ಕಾಲು ಮಿಲಿಮೀಟರಿಗೂ ಕಡಿಮೆ. ನನಗೆ ಸಿಕ್ಕಿದ್ದು ಏಳೆಂಟು ನಿಮಿಷದ ತಪ್ಪು. ಸರಿಮಾಡಲು ಕಿತ್ತು ಮತ್ತೆ ಒತ್ತಿದೆ, ಮತ್ತೆ ಕಿತ್ತೆ. ಜಿಎಂಟಿ ಮುಳ್ಳಿನ ಕೊಳವೆ ತೆಳು. ಎರಡು ಮೂರು ಸಲ ಕಿತ್ತರೆ ಸಡಿಲ. ಸಡಿಲವಾದ ಮುಳ್ಳು ಕ್ರೌನ್ ತಿರುಗಿಸಿದಾಗ ಸರಿಯಾಗಿ ಹಾರುತ್ತದೆ, ಕೈ ಬೀಸಿ ನಡೆದರೆ ತಾನೇ ಸರಿಯುತ್ತದೆ. ಹೀಗೆ ಕೆಟ್ಟ ಮುಳ್ಳುಗಳಿಗೆ, ಗೀರು ಬಿದ್ದ ಡಯಲ್‌ಗಳಿಗೆ ಹಾಕಿದ ದುಡ್ಡಿನಲ್ಲಿ ಇನ್ನೊಂದು ಹೊಸ ಮೂವ್‌ಮೆಂಟ್ ಆರಾಮಾಗಿ ಬರುತ್ತಿತ್ತು. ಮನೆಯಲ್ಲಿ ಈ ಲೆಕ್ಕ ಕೊಟ್ಟಿಲ್ಲ, ನೀವೂ ಕೊಡಬೇಡಿ.

ಕೊನೆಗೆ ಕೆಲಸ ಮಾಡಿದ ಕ್ರಮ ಹೀಗಿದೆ. ಡಯಲ್ ಹಾಕಿ, ಒಂದೂ ಮುಳ್ಳಿಲ್ಲದೆ ಸಮಯವನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಬೇಕು. ದಿನಾಂಕದ ತಟ್ಟೆ ಮೊದಲು ನಿಧಾನಕ್ಕೆ ತೆವಳುತ್ತದೆ, ಆಮೇಲೆ ಟಕ್ ಅಂತ ಕೂರುತ್ತದೆ. ಅಲ್ಲಿ ನಿಲ್ಲಿಸಿ ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂರುವ ಕೊಳವೆ) ಮೇಲೆ 12ರ ಕಡೆ ಒಂದು ಗುರುತು. ಆ ಗುರುತೇ ನನ್ನ ತಾತ್ಕಾಲಿಕ ನಿಮಿಷದ ಮುಳ್ಳು. ಗುರುತು 6ಕ್ಕೆ ಬರುವವರೆಗೆ ಮುಂದಕ್ಕೆ ತಿರುಗಿಸಿ, ಜಿಎಂಟಿ ಮುಳ್ಳನ್ನು ಅಚ್ಚು ಹಾಕಿದ ಒಂದು ಅಂಕಿಯ ಮೇಲೆ ನೇರ ಇಟ್ಟು ಒತ್ತಬೇಕು. ಗುರಿ ಇಡಲು ಈಗ ಖಾಲಿ ಜಾಗ ಇಲ್ಲ, ಗಟ್ಟಿ ಗೆರೆ ಇದೆ. ನಂತರ ಮತ್ತೆ ಮುಂದಕ್ಕೆ, ದಿನಾಂಕ ಇನ್ನೊಮ್ಮೆ ಹಾರುವವರೆಗೆ. ಗುರುತು 12ಕ್ಕೆ ಬಂದಾಗ ಗಂಟೆ, ನಿಮಿಷ ಎರಡನ್ನೂ 12ಕ್ಕೆ ಒತ್ತಿ.

ಎಲ್ಲೂ ಹಿಂದಕ್ಕೆ ತಿರುಗಿಸಬೇಡಿ. ಚಕ್ರಗಳ ಹಲ್ಲುಗಳ ನಡುವಿನ ಸಡಿಲ (ಪ್ಲೇ) ಒಂದೇ ಕಡೆ ಇರಬೇಕು. ಗುರುತು ದಾಟಿ ಹೋದರೆ ಹಿಂದೆ ಬರೋದಲ್ಲ, ಇನ್ನೊಂದು ಪೂರ್ತಿ ಸುತ್ತು ಹಾಕಬೇಕು. ಬೇಜಾರಾಗುತ್ತೆ, ಆದರೂ ಹಾಕಿ. ಇದೊಂದನ್ನು ಪಾಲಿಸಿದ ಮೇಲೆ ತಪ್ಪು ಎರಡು ಮೂರು ನಿಮಿಷಕ್ಕೆ ಇಳಿಯಿತು. ಕಾರ್ಖಾನೆಯಿಂದ ಬಂದ ಎಷ್ಟೋ ವಾಚುಗಳು ಇಷ್ಟು ಚೆನ್ನಾಗಿರಲ್ಲ, ಬೇಕಾದರೆ ನಿಮ್ಮದನ್ನೇ ನೋಡಿಕೊಳ್ಳಿ.

ಆ ಗುರುತನ್ನು ಯಾವುದರಿಂದ ಮಾಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಜಿಎಂಟಿ ಮತ್ತು ಗಂಟೆ ಮುಳ್ಳು ಅದರ ಮೇಲಿಂದ ಇಳಿಯುವಾಗ ಅಳಿಸಬಾರದು, ನಿಮಿಷದ ಮುಳ್ಳು ಕೂರುವ ಮುಂಚೆ ಪೂರ್ತಿ ಹೋಗಬೇಕು. ಇಷ್ಟು ಹೇಳಿದರೆ ಸಾಕು, ಹುಡುಕಿಕೊಳ್ಳುವವರು ಹುಡುಕಿಕೊಳ್ತೀರಿ. ಸಡಿಲವಾದ ಕೊಳವೆಯನ್ನು ಬಿಗಿ ಮಾಡುವ ಒಂದು ಉಪಾಯವೂ ಇದೆ. ಅದನ್ನೂ ಇಲ್ಲಿ ಬರೆಯಲ್ಲ.

ಇನ್ನೊಂದು ಜಾಗದಲ್ಲಿ ಎಚ್ಚರ ಬೇಕು. ಜಿಎಂಟಿ ಮುಳ್ಳು ಡಯಲ್‌ಗೆ ತೀರಾ ಹತ್ತಿರ ಹಾರುತ್ತದೆ. ದಿನಾಂಕದ ಕಿಟಕಿಗೆ ಎತ್ತರದ ಚೌಕಟ್ಟು ಇರುವ ಡಯಲ್ ಹಾಕಿದ್ದೆ. ದಿನಕ್ಕೊಂದು ಸಲ ಮುಳ್ಳು ಆ ಚೌಕಟ್ಟಿನ ಅಂಚಿಗೆ ತಾಗುತ್ತಿತ್ತು. ವಾಚು ನಿಲ್ಲುತ್ತಿರಲಿಲ್ಲ, ಹಾಗಾಗಿ ಬೇಗ ಗೊತ್ತಾಗಲಿಲ್ಲ. ಬಡಿತ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಟ್ಟಾಗ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) ನೆಲ ಕಚ್ಚಿತ್ತು. ಪೂರ್ತಿ ಚಾವಿಯಲ್ಲಿ ಡಯಲ್ ಮೇಲ್ಮುಖವಾಗಿ 260 ಡಿಗ್ರಿಯ ಆಸುಪಾಸು ಇರಬೇಕಾದದ್ದು ಇನ್ನೂರರ ಹತ್ತಿರ. ರಾತ್ರಿ ದಿನಾಂಕದ ತಟ್ಟೆ ತಳ್ಳುವಾಗ ಹದಿನೈದು ಇಪ್ಪತ್ತು ಇಳಿಯೋದು ಸಹಜ, ಅದನ್ನು ನೋಡಿ ಗಾಬರಿ ಬೀಳಬೇಡಿ. ಈಗ ನಾನು ಚಪ್ಪಟೆ ಕಿಟಕಿಯ ಡಯಲ್ ಮಾತ್ರ ತಗೊಳ್ಳೋದು. ಮುಳ್ಳುಗಳನ್ನೆಲ್ಲ ಕಿಟಕಿಯ ಮೇಲೆ ಒಂದರ ಮೇಲೊಂದು ತಂದು, ಪಕ್ಕದಿಂದ ಬೆಳಕು ಬಿಟ್ಟು ಸಂದು ನೋಡ್ತೀನಿ.

ದಿನಾಂಕದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅದು ಗಂಟೆ ಮುಳ್ಳಿನ ಜೊತೆ ಹೋಗುತ್ತದೆ, ಜಿಎಂಟಿ ಮುಳ್ಳಿಗೂ ಅದಕ್ಕೂ ಸಂಬಂಧವಿಲ್ಲ. ಭಾರತದ ಸಮಯ ಬೆಳಗ್ಗೆ 5:30ರವರೆಗೆ ಗ್ರೀನಿಚ್‌ನಲ್ಲಿ ಹಿಂದಿನ ದಿನವೇ ಇರುತ್ತದೆ ಅನ್ನೋದನ್ನು ನೀವೇ ನೆನಪಿಟ್ಟುಕೊಳ್ಳಬೇಕು. ರಾತ್ರಿ 9ರ ಮೇಲೆ ಕ್ರೌನಿನಿಂದ ದಿನಾಂಕ ಬದಲಿಸಲು ಹೋಗಬೇಡಿ, ತಳ್ಳುವ ಬೆರಳು ಆಗಲೇ ಹಲ್ಲು ಹಿಡಿದಿರುತ್ತದೆ. ನಾನು ಯಾವಾಗಲೂ ಮುಳ್ಳುಗಳನ್ನು 6ರ ಕಡೆ ತಂದೇ ದಿನಾಂಕ ಮುಟ್ಟೋದು.

ಈ ಕೆಲಸದ ನಿಜವಾದ ಲಾಭ ನನಗೆ ಆಮೇಲೆ ಹೊಳೆಯಿತು. ಜಿಎಂಟಿ ಮುಳ್ಳು ಈಗ ಗ್ರೀನಿಚ್ ಸಮಯದ ಮೇಲೇ ಇದೆ. ಹಾಗಾಗಿ ಸುಮ್ನೆ ಬಿದ್ದಿದ್ದ ಆ 120 ಕ್ಲಿಕ್ಕಿನ ಬೆಜೆಲ್ಲಿಗೆ ಕೆಲಸ ಸಿಕ್ಕಿತು. ಗಂಟೆಗೆ ಐದು ಕ್ಲಿಕ್, ಪೂರ್ತಿ ಗಂಟೆಯ ಯಾವ ವಲಯ ಬೇಕಾದರೂ ಸಿಗುತ್ತದೆ. ಬೆಜೆಲ್ಲಿನ 9ನ್ನು ಡಯಲ್ಲಿನ 12ರ ನೇರಕ್ಕೆ ತಂದರೆ ಟೋಕಿಯೋ. ಒಂದೇ ವಾಚಿನಲ್ಲಿ ಮೂರು ವಲಯ. ಸಾಧ್ಯವಿಲ್ಲ ಅಂದವರಿಗೆ ತೋರಿಸಿದಾಗ "ಹೌದಲ್ವಾ, ಇಷ್ಟೇನಾ" ಅಂದರು. ಇಷ್ಟೇ. ಆದರೆ ಮಾಡಿದ್ದು ನಾನು.

ಕಷ್ಟವೂ ಇದೆ. ಭಾರತ ಮತ್ತು ಮ್ಯಾನ್ಮಾರ್ ಎರಡೂ ಅರ್ಧ ಗಂಟೆಯವು, ನಡುವಿನ ವ್ಯತ್ಯಾಸ ಪೂರ್ತಿ ಒಂದು ಗಂಟೆ. ಅಂಥ ಜೋಡಿಗೆ ಕಾರ್ಖಾನೆಯ ವಾಚೇ ವಾಸಿ, ನನ್ನದು ಅರ್ಧ ಗಂಟೆ ತಪ್ಪು ತೋರಿಸುತ್ತದೆ. ನೇಪಾಳಕ್ಕೆ ಅಂತ ಹಳೆಯ ಡಯಲ್ ಮೇಲೆ ಮುಳ್ಳನ್ನು 45 ನಿಮಿಷದಲ್ಲಿ ಒತ್ತಿ ನೋಡಿದೆ. ನಡೆಯುತ್ತದೆ. ಆದರೆ ನಿಮಿಷದ ಮುಳ್ಳಿಗೂ ಜಿಎಂಟಿ ಮುಳ್ಳಿಗೂ ತಾಳೆ ಹಾಕಲು ಪ್ರತಿ ಸಲ ಮನಸ್ಸಲ್ಲೇ ಲೆಕ್ಕ ಮಾಡಬೇಕು, ನನಗೆ ಹಿಡಿಸಲಿಲ್ಲ. ಇಂಥ ವಲಯಗಳನ್ನೂ ಸೇರಿಸಿ ಒಟ್ಟು 37 ತೋರಿಸುವ ವರ್ಲ್ಡ್ ಟೈಮ್ ಯಂತ್ರವನ್ನು ಸ್ವಿಸ್ ಕಂಪನಿ ವಾಶೆರಾನ್ ಕಾನ್‌ಸ್ಟಾಂಟಿನ್ 2011ರಲ್ಲಿ ತಂದಿತು. ಜಿನೀವಾದ ವಾಚು ತಯಾರಕ ಲೂಯಿ ಕೋಟಿಯೆ 1930ರ ದಶಕದಲ್ಲಿ ಶುರು ಮಾಡಿದ ನಗರಗಳ ರಿಂಗಿನಲ್ಲಿ ಇರುವುದು 24 ಗಂಟೆಯ ಲೆಕ್ಕ. ಅದರಲ್ಲಿ ಐದೂವರೆಗೆ ಜಾಗ ಇಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಜಿಎಂಟಿ ಮುಳ್ಳಿಲ್ಲದ ಮಾಮೂಲಿ ಎನ್‌ಎಚ್35 ಮೂವ್‌ಮೆಂಟಿಗೆ 24ರ ಮುಳ್ಳನ್ನು ನಾನೇ ಕೊಡ್ತೀನಿ ಅಂತ ಹೊರಟೆ. ಗಂಟೆ ಚಕ್ರಕ್ಕೆ 30 ಹಲ್ಲು, ಪಕ್ಕದ ಚಕ್ರಕ್ಕೆ 30, ಅದರದೇ ಪಿನಿಯನ್‌ಗೆ (ಜೊತೆಗಿರುವ ಪುಟ್ಟ ಚಕ್ರ) 20, 24ರ ಚಕ್ರಕ್ಕೆ 40. ಎರಡು ಜೋಡಿಯ ಮೊತ್ತವೂ 60, ಹಾಗಾಗಿ ಒಂದೇ ಅಚ್ಚಿನ ಮೇಲೆ ಕೂರುತ್ತವೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಸೊಗಸಾಗಿತ್ತು. ಡಯಲ್ ಕೆಳಗೆ ದಿನಾಂಕದ ತಟ್ಟೆ ಇರುವಾಗ ಆ ಚಕ್ರಗಳಿಗೆ ಜಾಗವೇ ಇಲ್ಲ. ಡಯಲ್ಲನ್ನು ಎತ್ತರಿಸಿದರೆ ಕ್ಯಾನನ್ ಪಿನಿಯನ್ ಗಿಡ್ಡ ಬೀಳುತ್ತದೆ. ಚಕ್ರ ಕಡಿಸಲು ಕೊಟ್ಟ ದುಡ್ಡು ಅಲ್ಲಿಗೆ ಹೋಯಿತು. ಅವು ಈಗಲೂ ಡಬ್ಬಿಯಲ್ಲಿವೆ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಪುಕ್ಕಟೆ ಉಪಾಯ ಒಂದಿದೆ. ಭಾರತದ ಸಮಯಕ್ಕೆ ಇಟ್ಟ ಯಾವುದೇ ಮುಳ್ಳಿನ ವಾಚನ್ನು ತಲೆಕೆಳಗೆ ಹಿಡಿಯಿರಿ, ಗ್ರೀನಿಚ್ ಸಮಯ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೆ ತಿರುಗಿಸಿದರೆ ಒಂಬತ್ತೂವರೆ. ಗಂಟೆ ಮುಳ್ಳು ಅರ್ಧ ಮನೆ ಹಿಂದೆ ಇರುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ. ಬೇಸಿಗೆ ಸಮಯ ಇಲ್ಲದ ತಿಂಗಳುಗಳಲ್ಲಿ ಲಂಡನ್ನಿಗೂ ಅದೇ.

ಈಗ ಮೇಜಿನ ಮೇಲೆ ಮಿಯೋಟಾ 9075 ಅನ್ನೋ ಇನ್ನೊಂದು ಮೂವ್‌ಮೆಂಟ್ ಇದೆ. ಅದರಲ್ಲಿ ಹಾರೋದು ಗಂಟೆ ಮುಳ್ಳು, ಜಿಎಂಟಿ ಮುಳ್ಳು ನಿಮಿಷದ ಮುಳ್ಳಿಗೆ ಕಟ್ಟಿಕೊಂಡಿರುತ್ತದೆ. ಉಪಾಯ ಅಲ್ಲೂ ಅದೇ, 6ರಲ್ಲಿ ಒತ್ತಬೇಕು. ದಿನಾಂಕ ಗಂಟೆ ಮುಳ್ಳಿನ ಜೊತೆಗೇ ಹಾರುವುದರಿಂದ ಕೂರಿಸುವ ಮುಂಚೆ ಅದು ಮಧ್ಯಾಹ್ನದ 12ರಲ್ಲಿದೆಯೋ ರಾತ್ರಿಯ 12ರಲ್ಲಿದೆಯೋ ಅಂತ ಎರಡೆರಡು ಸಲ ನೋಡಬೇಕು. ಎನ್‌ಎಚ್34ಕ್ಕೆ ಅಂತ ತಂದಿಟ್ಟ ಮುಳ್ಳುಗಳು ಇದಕ್ಕೆ ಆಗಲ್ಲ, ಬೇರೆ ಸೆಟ್ ತರಿಸಬೇಕು.